ಎಂಬೆಸಿಯ ಅರ್ಧ ಕಡತ ಊರಿನ ಕಪಾಟಿನಲ್ಲಿ

ನಮ್ಮ ಮಂಗಳೂರು, ಉಡುಪಿ ಕಡೆ ‘ಎಂಬೆಸಿ’ ಅನ್ನುವ ಶಬ್ದ ಒಂದೇ, ಕಚೇರಿ ಮಾತ್ರ ಎರಡು. ಮಗನ ಡಿಗ್ರಿ ಸರ್ಟಿಫಿಕೇಟಿಗೆ ‘ಎಂಬೆಸಿ ಸೀಲ್’ ಆಗಬೇಕು ಅಂದರೆ ಅದು ಭಾರತದಲ್ಲಿರುವ ಯುಎಇಯದ್ದೋ ಕುವೈತಿನದ್ದೋ ಕಚೇರಿ. ಯಜಮಾನರ ಪಾಸ್‌ಪೋರ್ಟ್ ಕಳೆದುಹೋಗಿ ‘ಎಂಬೆಸಿಗೆ ಹೋಗಿದ್ದಾರೆ’ ಅಂದರೆ ಅದು ಅಲ್ಲಿರುವ ಭಾರತದ ಕಚೇರಿ. ವೀಸಾ ಕೊಡುವುದು, ತಡೆಯುವುದು ಆ ದೇಶದವರ ಕೆಲಸ. ಪಾಸ್‌ಪೋರ್ಟ್, ಜನನ ಮರಣ ನೋಂದಣಿ, ಅಧಿಕಾರ ಪತ್ರಕ್ಕೆ ಸಹಿ, ಜೈಲಿಗೆ ಹೋದವರನ್ನು ವಿಚಾರಿಸಿಕೊಳ್ಳುವುದು, ಶವ ಊರಿಗೆ ಕಳಿಸುವುದು ಎರಡನೆಯದರ ಕೆಲಸ. ಯುಎಇ ವೀಸಾ ರಿಜೆಕ್ಟ್ ಆಯಿತೆಂದು ದುಬೈಯ ಭಾರತೀಯ ಕಾನ್ಸುಲೇಟಿಗೆ ಬರೆದರೆ ಏನೂ ಆಗದು, ಅದು ಅವರ ಕೈಯಲ್ಲಿ ಇಲ್ಲ.

ಎರಡನೆಯದರಲ್ಲೂ ಒಂದು ಒಳವಿಭಾಗ ಉಂಟು. ಯುಎಇಯಲ್ಲಿ ಅಬುಧಾಬಿ, ಅಲ್ ಐನ್‌ನವರಿಗೆ ಅಬುಧಾಬಿಯ ರಾಯಭಾರ ಕಚೇರಿ. ದುಬೈ, ಶಾರ್ಜಾ, ಅಜ್ಮಾನ್ ಮತ್ತು ಆಚೆಯ ಉತ್ತರದ ಎಮಿರೇಟ್‌ಗಳವರಿಗೆ ದುಬೈ ಕಾನ್ಸುಲೇಟ್. ಸೌದಿಯಲ್ಲಿ ದಮ್ಮಾಮ್, ಜುಬೈಲ್ ಕಡೆಯವರು ರಿಯಾದಿಗೆ ಸೇರಿದವರು. ಮಕ್ಕಾ, ಮದೀನಾ, ಅಬಹಾ, ಜಿಜಾನ್ ಕಡೆಯವರು ಜಿದ್ದಾ ಕಾನ್ಸುಲೇಟಿಗೆ. ಊರಿನಿಂದ ಫೋನ್ ಮಾಡುವವರು ಇಲ್ಲೇ ಮೊದಲ ಎರಡು ದಿನ ಕಳೆದುಕೊಳ್ಳುತ್ತಾರೆ. ‘ಸೌದಿಯಲ್ಲಿದ್ದಾನೆ’ ಅಂದರೆ ಸಾಲದು, ಯಾವ ಪ್ರಾಂತ್ಯ ಅಂತ ಗೊತ್ತಿರಬೇಕು.

ಈ ಬರಹ ಮುಖ್ಯವಾಗಿ ಊರಿನಲ್ಲಿ ಕುಳಿತವರಿಗೆ. ಪರದೇಶದ ಕೌಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುವ ಕಡತಗಳಲ್ಲಿ ಹೆಚ್ಚಿನವು ಕೆಡುವುದು ಬಜಪೆಯಲ್ಲಿ ವಿಮಾನ ಹತ್ತುವ ಮೊದಲೇ. ಸರಿಯಾಗುವುದೂ ಮನೆಯ ಕಪಾಟಿನಿಂದ ಹೋಗುವ ಕಾಗದದಿಂದಲೇ.

ಮೊದಲು ಹೆಸರು. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ 44 ಅಕ್ಷರಗಳ ಎರಡು ಸಾಲು ಇರುತ್ತದೆ, ನಡುನಡುವೆ < ಗುರುತು ತುಂಬಿದ್ದು. ವಿಮಾನ ಕಂಪೆನಿಯ ಯಂತ್ರ, ಇಮಿಗ್ರೇಷನ್ ಯಂತ್ರ ಎರಡೂ ಓದುವುದು ಅದನ್ನೇ. ಮೇಲೆ ಚಂದಕ್ಕೆ ಅಚ್ಚಾದ ಹೆಸರನ್ನಲ್ಲ. ಅಲ್ಲಿ ಮೊದಲು ಸರ್‌ನೇಮ್, ನಂತರ ಎರಡು <<, ನಂತರ ಗಿವನ್ ನೇಮ್. ಈಗ ಡಿಸೋಜರ ವಿಷಯ ನೋಡಿ. ಶಾಲೆಯ ಸರ್ಟಿಫಿಕೇಟಿನಲ್ಲಿ ಡಿ ಮತ್ತು ಸೋಜದ ನಡುವೆ ಅಪಾಸ್ಟ್ರಫಿ ಇರುತ್ತದೆ. ಯಂತ್ರದ ಸಾಲಿನಲ್ಲಿ ಆ ಗುರುತಿಗೆ ಜಾಗ ಇಲ್ಲ, ಅದನ್ನು ಬಿಟ್ಟು ಅಕ್ಷರಗಳನ್ನು ಕೂಡಿಸುತ್ತಾರೆ: ಡಿಸೋಜ<<ಜಾನ್<ಪೀಟರ್. ಅದೇ ಅರ್ಜಿ ತುಂಬುವಾಗ ಅಪಾಸ್ಟ್ರಫಿಯ ಬದಲು ಖಾಲಿ ಜಾಗ ಬಿಟ್ಟಿದ್ದರೆ ಡಿ<ಸೋಜ<<ಜಾನ್<ಪೀಟರ್ ಆಗುತ್ತದೆ. ಯಂತ್ರಕ್ಕೆ ಇವರಿಬ್ಬರು ಬೇರೆ ಬೇರೆ ಮನುಷ್ಯರು. ಗಂಡನದ್ದು ಒಂದು ಥರ, ಹೆಂಡತಿಯದ್ದು ಇನ್ನೊಂದು ಥರ ಇದ್ದು, ಮಗು ಹುಟ್ಟಿದಾಗ ಅದರದ್ದು ಯಾವ ಥರ ಅಂತ ಕೌಂಟರಿನಲ್ಲಿ ಕೇಳುತ್ತಾರೆ. ಮನೆಯವರೆಲ್ಲರದ್ದೂ ಒಂದೇ ಥರ ಇರಲಿ. ಯಾವುದು ಅನ್ನುವುದು ಅಷ್ಟು ಮುಖ್ಯ ಅಲ್ಲ.

ಇನ್ನು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಪ್ರಕಾಶ್ ಕೆ.’ ಅಂತ ಇದ್ದರೆ ಆ ಕೆ ಅಂದರೆ ಕೋಟ್ಯಾನೋ, ಕರ್ಕೇರನೋ, ಕಾಪುವೋ? ಒಬ್ಬೊಬ್ಬ ಏಜೆಂಟ್ ಒಂದೊಂದು ಬರೆಸುತ್ತಾನೆ. ಅದರ ಮೇಲೆ ತಾಯಿಯ ಕಡೆಯಿಂದ ಮನೆತನ ನಡೆಯುವ ನಮ್ಮ ಅಳಿಯಸಂತಾನದ ಲೆಕ್ಕ ಬೇರೆ. ಕೆಲವು ಮನೆಗಳಲ್ಲಿ ಮಕ್ಕಳು ತಾಯಿಯ ಬರಿಯನ್ನೇ (ಕುಲದ ಹೆಸರನ್ನೇ) ಸರ್‌ನೇಮ್ ಮಾಡಿಕೊಂಡಿರುತ್ತಾರೆ. ಅಪ್ಪ ಸಾಲಿಯಾನ್, ಮಗ ಬಂಗೇರ. ನಮಗೆ ಅದು ಸಹಜ. ಫ್ಯಾಮಿಲಿ ವೀಸಾ ನೋಡುವ ಅರಬ್ ಗುಮಾಸ್ತನಿಗೆ ಅದು ಸಂಶಯ. ಅಂಥವರು ಮಗುವಿನ ಜನನ ಪತ್ರದಲ್ಲಿ ಅಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಅಕ್ಷರಕ್ಕೆ ಅಕ್ಷರ ಇದೆಯೇ ಅಂತ ಮೊದಲೇ ನೋಡಿಕೊಳ್ಳಬೇಕು.

ಸರ್‌ನೇಮ್ ಖಾಲಿ ಬಿಟ್ಟವರ ಕಥೆ ಇನ್ನೊಂದು. 2022ರ ನವೆಂಬರಿನಲ್ಲಿ ಯುಎಇ, ಸರ್‌ನೇಮ್ ಅಥವಾ ಗಿವನ್ ನೇಮ್ ಯಾವುದಾದರೂ ಒಂದೇ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತು. ಆಮೇಲೆ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಅಂತ ಸಡಿಲ ಮಾಡಿತು. ಸಡಿಲ ಮಾಡಿದ್ದು ಬಜಪೆಯ ಚೆಕ್‌ಇನ್ ಕೌಂಟರಿನಲ್ಲಿ ಬೆಳಗಿನ ಜಾವ ಕೂತವರಿಗೆ ನೆನಪಿರುತ್ತದೆ ಅಂತ ನಂಬಿ ಹೊರಡಬೇಡಿ. ಅಮೆರಿಕದ ವೀಸಾದಲ್ಲಿ ಗಿವನ್ ನೇಮ್ ಖಾಲಿ ಇದ್ದರೆ ಅಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ತುಂಬುತ್ತಾರೆ. ಮತ್ತೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ನಿಮ್ಮ ಹೆಸರೇ ಅದಾಗಿ ಕೂರುತ್ತದೆ. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ರೀಇಶ್ಯೂ ಮಾಡಿಸಿ ಹೆಸರು ವಿಭಾಗಿಸಿಕೊಂಡರೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ಪುಟಕ್ಕೆ 2,000. ತತ್ಕಾಲ್ ಆದರೆ ಮೇಲೆ 2,000. ಇದೇ ಕೆಲಸ ಪರದೇಶದ ಕಚೇರಿಯಲ್ಲಿ 36 ಪುಟಕ್ಕೆ 75 ಡಾಲರ್ ಲೆಕ್ಕ, ಅದರ ಮೇಲೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯ ಶುಲ್ಕ, ಹೊರಗುತ್ತಿಗೆ ಕೇಂದ್ರದ ಸರ್ವಿಸ್ ಚಾರ್ಜ್. ಊರಿಗೆ ರಜೆಯಲ್ಲಿ ಬಂದಾಗ ಮಾಡಿಸಿಕೊಳ್ಳುವುದು ಎಲ್ಲ ರೀತಿಯಲ್ಲೂ ಲಾಭ. ಆದರೆ ರೆಸಿಡೆನ್ಸಿ ಹಳೆಯ ಪಾಸ್‌ಪೋರ್ಟಿನ ಸಂಖ್ಯೆಗೆ ಕಟ್ಟಿಕೊಂಡಿರುತ್ತದೆ. ಹಳೆಯ, ಹೊಸ ಎರಡೂ ಪುಸ್ತಕ ಕೈಯಲ್ಲಿಟ್ಟುಕೊಂಡೇ ವಾಪಸು ಹೋಗಬೇಕು, ಹೋದ ಮೇಲೆ ಕಂಪೆನಿಯ ಪಿಆರ್‌ಒ (ಸರ್ಕಾರಿ ಕಾಗದದ ಕೆಲಸ ನೋಡುವವನು) ಕೈಯಿಂದ ಹೊಸ ಸಂಖ್ಯೆ ಸೇರಿಸಿಸಬೇಕು. ಸೌದಿಯಲ್ಲಿ ಇದಕ್ಕೇ ‘ನಖಲ್ ಮಾಲೂಮಾತ್’ ಅನ್ನುವುದು. ಅದಾಗದೆ ಇದ್ದರೆ ಮುಂದಿನ ರಜೆಗೆ ಹೊರಡುವಾಗ ಎಕ್ಸಿಟ್ ರೀಎಂಟ್ರಿ (ಹೋಗಿ ವಾಪಸು ಬರುವ ಅನುಮತಿ) ಹೊರಡುವುದಿಲ್ಲ.

ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವಯರ್ಡ್) ಅಂತ ಇದ್ದವರ ವಿಷಯ ಬೇರೆಯೇ ಹೇಳಬೇಕು. ಹತ್ತನೇ ತರಗತಿ ಪಾಸಾಗದವರಿಗೆ, ಬೇರೆ ವಿನಾಯಿತಿಗಳೂ ಇಲ್ಲದಿದ್ದರೆ, ಈ ಗುರುತು ಬೀಳುತ್ತದೆ. ಕೊಲ್ಲಿಯ ಆರೂ ದೇಶಗಳು ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಅವರಿಗೆ 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಕ್ಲಿಯರೆನ್ಸ್ ಬೇಕು. ಅದು ಇ-ಮೈಗ್ರೇಟ್ ಪೋರ್ಟಲ್ ಮೂಲಕ ಆಗುತ್ತದೆ: ಅಲ್ಲಿಯ ಮಾಲೀಕ ಸಂಬಳ, ಕೆಲಸ, ಊಟ ವಸತಿ ಎಲ್ಲ ಬರೆದ ಕರಾರನ್ನು ಅದರೊಳಗೆ ಹಾಕಿರಬೇಕು. ಜೊತೆಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ, ಶಾಶ್ವತ ಅಂಗವಿಕಲರಾದರೆ 10 ಲಕ್ಷ. ನೋಂದಾಯಿತ ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ತೆರಿಗೆ. ಲಕ್ಷ ಕೇಳುವವನ ಹತ್ತಿರ ರಶೀದಿ ಕೇಳಿ ನೋಡಿ, ಅಲ್ಲಿಗೆ ಮಾತು ಮುಗಿಯುತ್ತದೆ. ಮನೆಗೆಲಸಕ್ಕೆ ಹೋಗುವ ಇಸಿಆರ್ ಮಹಿಳೆಯರಿಗೆ 30 ವರ್ಷ ತುಂಬಿರಬೇಕು. ನರ್ಸುಗಳಿಗಂತೂ 2015ರಿಂದ ಇಸಿಆರ್ ಇಲ್ಲದಿದ್ದರೂ ಈ ದೇಶಗಳಿಗೆ ಕ್ಲಿಯರೆನ್ಸ್ ಬೇಕು.

‘ಇಷ್ಟೆಲ್ಲ ಯಾಕೆ, ವಿಸಿಟ್‌ನಲ್ಲಿ ಕಳಿಸಿ ಅಲ್ಲಿ ಚೇಂಜ್ ಮಾಡಿಸುತ್ತೇವೆ’ ಅನ್ನುವವರು ಬೇಕಾದಷ್ಟು ಮಂದಿ. ಹೋಗಿ ತಲುಪುತ್ತಾರೆ, ಅದರಲ್ಲಿ ಸುಳ್ಳಿಲ್ಲ. ಗಂಟು ಬೀಳುವುದು ಸಂಬಳ ನಿಂತ ದಿನ. ರಾಯಭಾರ ಕಚೇರಿಯ ಕಾರ್ಮಿಕ ವಿಭಾಗದವರು ಮೊದಲು ತೆರೆಯುವುದು ಇ-ಮೈಗ್ರೇಟ್ ಕಡತವನ್ನು. ಅದರಲ್ಲಿ ಕರಾರು ಇದ್ದರೆ ಮಾಲೀಕನನ್ನು ಕರೆಸಿ ‘ನೀನೇ ಬರೆದದ್ದು’ ಅಂತ ತೋರಿಸಬಹುದು. ಇಲ್ಲಿಯ ಏಜೆಂಟನ ಲೈಸೆನ್ಸಿಗೂ ಕೈ ಹಾಕಬಹುದು. ವಿಸಿಟ್‌ನಲ್ಲಿ ಹೋದವನಿಗೆ ಕರಾರೂ ಇಲ್ಲ, ಬೀಮಾ ಕೂಡ ಇಲ್ಲ, ಏಜೆಂಟ್ ಅಂತ ದಾಖಲೆಯಲ್ಲಿ ಯಾರೂ ಇಲ್ಲ. ಉಳಿಯುವುದು ಕರುಣೆ ಒಂದೇ.

ಸರ್ಟಿಫಿಕೇಟಿನ ಸೀಲುಗಳ ಬಗ್ಗೆ ಚುಟುಕಾಗಿ. ಕ್ರಮ ತಪ್ಪಿದರೆ ಮೊದಲಿನಿಂದ ಶುರು. ರಾಜ್ಯದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ (ಬೆಂಗಳೂರಿನಲ್ಲೂ ಆಗುತ್ತದೆ), ನಂತರ ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಒಮಾನ್, ಬಹ್ರೇನ್, 2022ರ ಡಿಸೆಂಬರಿನಿಂದ ಸೌದಿ, ಇವು ಅಪೊಸ್ಟಿಲ್ (ಎಂಬೆಸಿ ಸೀಲಿನ ಬದಲು ನಡೆಯುವ ಒಂದೇ ದೃಢೀಕರಣ) ಒಪ್ಪುವ ದೇಶಗಳು. ಅಲ್ಲಿಗೆ ರಾಜ್ಯದ ದೃಢೀಕರಣದ ಮೇಲೆ ಸಚಿವಾಲಯದ ಒಂದು ಅಪೊಸ್ಟಿಲ್, 50 ರೂಪಾಯಿ ಸರ್ಕಾರಿ ಶುಲ್ಕ, ಅಷ್ಟೇ. ಸೌದಿಗೂ ಎಂಬೆಸಿ ಸೀಲ್ ಬೇಕು ಅಂತ ಹಳೆಯ ದರ ಹೇಳುವವರು ಈಗಲೂ ಇರಬಹುದು, ಕೇಳಿಕೊಂಡೇ ದುಡ್ಡು ಕೊಡಿ. ಮದುವೆಯ ದಾಖಲೆ ಮಾತ್ರ ನಮ್ಮವರಿಗೆ ಯಾವತ್ತೂ ತೊಡಕು. ದೇವಸ್ಥಾನದ ರಶೀದಿ, ಚರ್ಚಿನ ಪತ್ರ, ಜಮಾತಿನ ನಿಖಾಹ್ ಪತ್ರ ಇವುಗಳಿಂದ ಮದುವೆ ಆಗುತ್ತದೆ, ಅಟೆಸ್ಟೇಷನ್ ಆಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು, ಅದರಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನ ಸ್ಪೆಲ್ಲಿಂಗಿನಲ್ಲೇ ಇರಬೇಕು. ಹದಿನೈದು ದಿನದ ರಜೆಯಲ್ಲಿ ಮದುವೆ, ಬೀಗರ ಊಟ, ನೋಂದಣಿ, ಅಟೆಸ್ಟೇಷನ್ ಎಲ್ಲ ಮುಗಿಸುವ ಲೆಕ್ಕ ಹಾಕುವವರಿಗೆ ಶುಭವಾಗಲಿ.

ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ಠಾಣೆ, ಆಮೇಲೆ ರಾಯಭಾರ ಕಚೇರಿ. ಕಳೆದ ಬಗೆಗಿನ ಪೊಲೀಸ್ ಪತ್ರ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅರ್ಜಿ ಆನ್‌ಲೈನಿನಲ್ಲಿ ತುಂಬಿ, ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಹೊರಗುತ್ತಿಗೆ ಕೇಂದ್ರಕ್ಕೆ ಹೋಗುವುದು. ಜೊತೆಗೆ ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ, ಎಲ್ಲಿ ಹೇಗೆ ಕಳೆಯಿತೆಂಬ ಅಫಿಡವಿಟ್, ಇಕಾಮಾ ಅಥವಾ ಬತಾಕಾ (ಅಲ್ಲಿಯ ವಾಸದ ಗುರುತು ಚೀಟಿ) ಪ್ರತಿ, ಫೋಟೋ. ಕಳೆದ ಪುಸ್ತಕದ ಬದಲಿಗೆ ಶುಲ್ಕ ದುಪ್ಪಟ್ಟು, 150 ಡಾಲರ್ ಲೆಕ್ಕ. ಟೈಪಿಂಗ್ ಸೆಂಟರಿನವನು ತುಂಬಿದ ಫಾರಂ ಸಹಿ ಹಾಕುವ ಮೊದಲು ಓದಿ. ಊರಿನ ವಿಳಾಸದಲ್ಲಿ ‘ಪಡುಬಿದ್ರಿ’ಯನ್ನೂ ‘ಮೂಡುಬಿದಿರೆ’ಯನ್ನೂ ಅದಲುಬದಲು ಮಾಡುವುದು ಅವನಿಗೆ ಕಷ್ಟದ ಕೆಲಸ ಅಲ್ಲ, ಮತ್ತೆ ಪೊಲೀಸ್ ಪರಿಶೀಲನೆ ಬೇರೆ ಠಾಣೆಗೆ ಹೋಗಿ ಕೂರುತ್ತದೆ. ಪರಿಶೀಲನೆಗೆ ಊರಿನ ಠಾಣೆಯವರು ಮನೆಗೆ ಬರುವುದುಂಟು. ಹಳೆಯ ಬಾಡಿಗೆ ಮನೆಯ ವಿಳಾಸವೇ ಇದ್ದು, ಈಗ ಅಲ್ಲಿ ಬೇರೆಯವರು ಇದ್ದರೆ ‘ಈ ವಿಳಾಸದಲ್ಲಿ ಇಲ್ಲ’ ಅಂತ ವರದಿ ಹೋಗುತ್ತದೆ. ಕಡತ ಅಲ್ಲೇ ನಿಂತಿತು. ಅರ್ಜಿ ಹಾಕಿದ ದಿನವೇ ಮನೆಗೆ ಫೋನ್ ಮಾಡಿ ಹೇಳಿ, ಪಕ್ಕದ ಮನೆಯವರಿಗೂ ಹೇಳಿಸಿ.

ಹೊಸ ಪಾಸ್‌ಪೋರ್ಟಿಗೆ ಕಾಯಲಾಗದೆ ಊರಿಗೆ ಮಾತ್ರ ಬರಬೇಕಾದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್. ನಮ್ಮವರು ‘ಔಟ್‌ಪಾಸ್’ ಅನ್ನುವುದು ಇದನ್ನೇ. ಒಂದು ಸಲದ, ಒಂದು ದಿಕ್ಕಿನ ಕಾಗದ. ಭಾರತಕ್ಕೆ ಬರಲು ಮಾತ್ರ. ಬಂದ ಮೇಲೆ ಹೊಸ ಪಾಸ್‌ಪೋರ್ಟಿಗೆ ಇಲ್ಲೇ ಅರ್ಜಿ ಹಾಕಬೇಕು, ಆಗ ಅದರ ಪ್ರತಿ ಬೇಕಾಗುತ್ತದೆ, ಇಮಿಗ್ರೇಷನ್ನಿನಲ್ಲಿ ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ದೊಡ್ಡ ತಪ್ಪು ತಿಳಿವಳಿಕೆ ಏನೆಂದರೆ ಔಟ್‌ಪಾಸ್ ಸಿಕ್ಕಿತು, ಇನ್ನು ಹೊರಡಬಹುದು ಅನ್ನುವುದು. ಅದು ಭಾರತದ ಕಡೆಯ ಬಾಗಿಲು ಮಾತ್ರ ತೆರೆಯುತ್ತದೆ. ಆ ದೇಶ ಬಿಡಲು ಅವರ ಇಮಿಗ್ರೇಷನ್ನಿನ ಎಕ್ಸಿಟ್ ಬೇಕು. ಯುಎಇಯಲ್ಲಿ ಓವರ್‌ಸ್ಟೇ ದಿನಕ್ಕೆ 50 ದಿರಹಮ್. ಒಂದು ವರ್ಷವಾದರೆ ಎಷ್ಟಾಯಿತು ಅಂತ ನೀವೇ ಗುಣಿಸಿ. ಸೌದಿಯಲ್ಲಿ ಕಫೀಲ್ (ವೀಸಾ ಕೊಡಿಸಿದ ಮಾಲೀಕ) ‘ಹುರೂಬ್’, ಅಂದರೆ ಓಡಿಹೋಗಿದ್ದಾನೆ ಅಂತ ಬರೆಸಿದ್ದರೆ ಅದನ್ನು ಮೊದಲು ಬಿಡಿಸಬೇಕು. ಬ್ಯಾಂಕ್ ಸಾಲ, ಚೆಕ್ ಕೇಸ್, ಟ್ರಾವೆಲ್ ಬ್ಯಾನ್ ಇದ್ದರೆ ರಾಯಭಾರಿಯೇ ಬಂದರೂ ವಿಮಾನ ಹತ್ತಿಸಲಾಗದು. ಹಾಗಾಗಿಯೇ ಆಮ್ನೆಸ್ಟಿ (ಓವರ್‌ಸ್ಟೇ ಮಾಫಿಯ ಅವಧಿ) ಬಂದಾಗ ಬಿಡಬಾರದು. ಯುಎಇಯಲ್ಲಿ 2024ರ ಸೆಪ್ಟೆಂಬರ್ 1ಕ್ಕೆ ಶುರುವಾದದ್ದು ಎರಡು ತಿಂಗಳು ಅಂತ ಇತ್ತು, ಆಮೇಲೆ ಡಿಸೆಂಬರ್ 31ರ ತನಕ ಮುಂದುವರಿಯಿತು. ಮುಂದುವರಿಯುತ್ತದೆ ಅಂತ ಕಾದು ಕೂರುವ ಜೂಜು ಮಾತ್ರ ಬೇಡ.

ಪಾಸ್‌ಪೋರ್ಟ್ ಕಳೆದದ್ದಲ್ಲ, ಅರಬಾಬ್ (ಮಾಲೀಕ) ಇಟ್ಟುಕೊಂಡಿದ್ದಾನೆ ಅಂದರೆ ಕಳೆದಿದೆ ಅಂತ ಸುಳ್ಳು ಅರ್ಜಿ ಕೊಡಬೇಡಿ. ಅವನು ನಾಳೆ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರೆ ಸಿಕ್ಕಿಬೀಳುವವರು ನೀವು. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಯಾವತ್ತೂ ಭಾರತ ಸರ್ಕಾರದ ಸೊತ್ತು. ಯುಎಇಯ 2021ರ ಕಾರ್ಮಿಕ ಕಾನೂನು ಕೂಡ ಕೆಲಸಗಾರನ ದಾಖಲೆ ಹಿಡಿದಿಟ್ಟುಕೊಳ್ಳಬಾರದು ಅನ್ನುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರೆ ರಾಯಭಾರ ಕಚೇರಿ ಮಾಲೀಕನಿಗೆ ಪತ್ರ ಬರೆಯುತ್ತದೆ, ಫೋನ್ ಮಾಡುತ್ತದೆ. ಹೆಚ್ಚಿನ ಸಲ ಆ ಫೋನೇ ಸಾಕಾಗುತ್ತದೆ.

ಈಗ ದೂರು ಬರೆಯುವ ವಿಷಯ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ 2015ರಿಂದ ಉಂಟು. ಊರಿನಲ್ಲಿರುವ ಅಣ್ಣ, ಹೆಂಡತಿ ಯಾರೂ ಅದರಲ್ಲಿ ಖಾತೆ ತೆರೆದು ದೂರು ಹಾಕಬಹುದು. ನೇರ ಸಂಬಂಧಪಟ್ಟ ರಾಯಭಾರ ಕಚೇರಿಗೆ ಹೋಗುತ್ತದೆ, ಸಂಖ್ಯೆ ಸಿಗುತ್ತದೆ. ಶಾಸಕರ ಲೆಟರ್‌ಹೆಡ್ಡಿಗೆ ಓಡುವ ಮೊದಲು ಇದನ್ನು ಮಾಡಿ. ಲೆಟರ್‌ಹೆಡ್ ಹೋದರೂ ಆ ಕಡೆಯವರು ಕೇಳುವುದು ಮದದ್ ಸಂಖ್ಯೆಯನ್ನೇ. ಕೆಟ್ಟ ದೂರು ಹೀಗಿರುತ್ತದೆ: ‘ನನ್ನ ತಮ್ಮನಿಗೆ ಅಲ್ಲಿ ತುಂಬಾ ಕಷ್ಟ ಕೊಡುತ್ತಾರೆ, ಊಟ ಸರಿ ಇಲ್ಲ, ದಯವಿಟ್ಟು ಬೇಗ ಊರಿಗೆ ಕರೆಸಿಕೊಡಿ.’ ಓದಿದವರಿಗೆ ಅಯ್ಯೋ ಅನ್ನಿಸುತ್ತದೆ, ಆದರೆ ಎತ್ತಿಕೊಳ್ಳಲು ಹಿಡಿ ಎಲ್ಲಿದೆ?

ಕೆಲಸ ಮಾಡುವ ದೂರು ಹೀಗೆ: ‘ಪಾಸ್‌ಪೋರ್ಟ್ ಸಂಖ್ಯೆ ಇಂತಿಷ್ಟು, ಸಿವಿಲ್ ಐಡಿ ಇಂತಿಷ್ಟು. ಕುವೈತಿಗೆ 20 ನಂಬರ್ ವೀಸಾದಲ್ಲಿ ಡ್ರೈವರ್ ಕೆಲಸಕ್ಕೆ ಮಾರ್ಚ್ 4ಕ್ಕೆ ಹೋದದ್ದು. ಕೊಟ್ಟದ್ದು ತೋಟದ ಕೆಲಸ. ಜೂನ್‌ನಿಂದ 4 ತಿಂಗಳ ಸಂಬಳ ಬಾಕಿ, ತಿಂಗಳಿಗೆ ಒಪ್ಪಿದ್ದು ಇಷ್ಟು ದಿನಾರ್. ಪಾಸ್‌ಪೋರ್ಟ್ ಮಾಲೀಕರ ಹತ್ತಿರ. ಮಾಲೀಕರ ಹೆಸರು, ಮೊಬೈಲ್ ಇಂತಿಷ್ಟು. ಇರುವುದು ಇಂಥ ಏರಿಯಾ, ಇಷ್ಟನೇ ಬ್ಲಾಕ್, ಇಷ್ಟನೇ ಸ್ಟ್ರೀಟ್, ಮನೆ ಸಂಖ್ಯೆ ಇಷ್ಟು. ತಮ್ಮನ ವಾಟ್ಸಾಪ್ ಸಂಖ್ಯೆ ಇದು, ರಾತ್ರಿ 9ರ ನಂತರ ಮಾತಾಡಬಹುದು. ಬೇಕಾದದ್ದು ಬಾಕಿ ಸಂಬಳ ಮತ್ತು ಫೈನಲ್ ಎಕ್ಸಿಟ್.’ ವೀಸಾ 18 ಅಂದರೆ ಕಂಪೆನಿ, 20 ಅಂದರೆ ಮನೆಗೆಲಸ. ಇದು ಬರೆಯದಿದ್ದರೆ ಯಾವ ವಿಭಾಗಕ್ಕೆ ಕಳಿಸಬೇಕು ಅನ್ನುವುದರಲ್ಲೇ ಒಂದು ಸುತ್ತು ಹೋಗುತ್ತದೆ. ಕೊನೆಯ ಸಾಲು ಇನ್ನೂ ಮುಖ್ಯ. ಸಂಬಳ ಬೇಕೋ, ಊರಿಗೆ ಬರಬೇಕೋ, ಬೇರೆ ಕಫೀಲ್ ಬೇಕೋ ಅನ್ನುವುದು ನಿಮಗೇ ಸ್ಪಷ್ಟ ಇರಬೇಕು. ಊರಿನವರು ‘ಕರೆಸಿ’ ಅನ್ನುವುದು, ಅಲ್ಲಿ ಹುಡುಗ ‘ಸಂಬಳ ಸಿಕ್ಕಿದರೆ ಇರುತ್ತೇನೆ’ ಅನ್ನುವುದು, ಹೀಗಾದರೆ ಮಾಲೀಕನ ಎದುರು ಕಚೇರಿಯವರ ಮಾತಿಗೆ ಬೆಲೆ ಇರುವುದಿಲ್ಲ. ಒಂದೇ ವಿಷಯಕ್ಕೆ ನಾಲ್ಕು ಜನ ನಾಲ್ಕು ದೂರು ಹಾಕುವುದೂ ಬೇಡ.

ತುರ್ತಿಗೆ ಫೋನ್ ಬೇಕಾದರೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342, ಯುಎಇ ಒಳಗಿನಿಂದ ಉಚಿತ. ಊರಿನಿಂದ 1800 11 3090. ಮಸ್ಕತ್, ದೋಹಾ, ಮನಾಮ, ಕುವೈತ್ ರಾಯಭಾರ ಕಚೇರಿಗಳಲ್ಲಿ ಓಪನ್ ಹೌಸ್ ನಡೆಯುತ್ತದೆ, ಅಪಾಯಿಂಟ್‌ಮೆಂಟ್ ಇಲ್ಲದೆ ಅಧಿಕಾರಿಗಳ ಎದುರು ಕೂತು ಹೇಳಬಹುದು. ಮನೆಗೆಲಸದವರು ಮನೆ ಬಿಟ್ಟು ರಾಯಭಾರ ಕಚೇರಿಗೆ ಬಂದರೆ ಅದೇ ದಿನ ದೂರು ನೋಂದಾಯಿಸಬೇಕು. ಮಾಲೀಕ ಓಡಿಹೋದ ಕೇಸ್ ಹಾಕುವುದು ಖಂಡಿತ, ಆಗ ಮೊದಲ ತಾರೀಕು ಯಾರದ್ದು ಅನ್ನುವುದು ಮುಖ್ಯವಾಗುತ್ತದೆ.

ಪೊಲೀಸರು ಹಿಡಿದರೆ? 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ನಮ್ಮ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕು ಬಂಧಿತನಿಗೆ ಉಂಟು. ಕೇಳಬೇಕು, ತಾನಾಗಿ ಆಗುತ್ತದೆ ಅಂತ ಕೂರಬಾರದು. ಕಾನ್ಸುಲೇಟಿನವರು ಜೈಲಿಗೆ ಹೋಗಿ ಮಾತಾಡುತ್ತಾರೆ, ವಕೀಲರ ಪಟ್ಟಿ ಕೊಡುತ್ತಾರೆ, ದಿಕ್ಕಿಲ್ಲದವರಿಗೆ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನೂನು ನೆರವೂ ಸಿಗಬಹುದು. ಬಿಡಿಸಿ ತರುವುದು, ಸಾಲ ತೀರಿಸುವುದು ಅವರಿಂದ ಆಗದು.

ಮಗು ಅಲ್ಲಿ ಹುಟ್ಟಿದರೆ ಒಂದು ವರ್ಷದ ಗಡುವು ನೆನಪಿರಲಿ. 2004ರ ಡಿಸೆಂಬರ್ 3ರ ನಂತರ ಪರದೇಶದಲ್ಲಿ ಹುಟ್ಟಿದ ಮಗುವಿನ ಜನನ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಣಿ ಆಗದಿದ್ದರೆ, ಪೌರತ್ವಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ತಂದೆತಾಯಿ ಘೋಷಣೆ ಕೊಡಬೇಕು. ಯುಎಇಯಲ್ಲಿ ಮಗುವಿಗೆ ರೆಸಿಡೆನ್ಸಿ ಮಾಡಿಸಲು 120 ದಿನ, ಅದಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ನೋಂದಣಿ ಬೇಕು. ಇಲ್ಲಿ ಎಡವುವುದು ಹೆಸರಿಡುವ ವಿಷಯದಲ್ಲಿ: ಆಸ್ಪತ್ರೆಯಲ್ಲಿ ಒಂದು ಹೆಸರು ಕೊಟ್ಟು, ಊರಿನಲ್ಲಿ ಅಜ್ಜ ಜಾತಕ ನೋಡಿ ಇನ್ನೊಂದು ಹೇಳಿದರೆ ಅರಬಿಯ ಜನನ ಪತ್ರ ತಿದ್ದಿಸುವುದೇ ಒಂದು ತಪಸ್ಸು. ಅಜ್ಜನ ಹತ್ತಿರ ಮೊದಲೇ ಕೇಳಿ.

ಜಾಗದ ಕೆಲಸಕ್ಕೆ ಕಳಿಸುವ ಜಿಪಿಎ (ಅಧಿಕಾರ ಪತ್ರ) ವಿಷಯದಲ್ಲೂ ಒಂದು ಮಾತು. ಕಾನ್ಸುಲ್ ದೃಢೀಕರಿಸುವುದು ನಿಮ್ಮ ಸಹಿಯನ್ನು, ಒಳಗೆ ಬರೆದದ್ದನ್ನಲ್ಲ. ಸರ್ವೆ ನಂಬರ್, ಹಿಸ್ಸಾ ಪಹಣಿಯಲ್ಲಿ ಇದ್ದ ಹಾಗೆ ಇದೆಯೇ ಅಂತ ಅವರು ನೋಡುವುದಿಲ್ಲ; 112/3 ಇರುವಲ್ಲಿ 113/2 ಬಿದ್ದರೂ ಸೀಲ್ ಬೀಳುತ್ತದೆ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಾಪಸು. ಡ್ರಾಫ್ಟ್ ಊರಿನ ವಕೀಲರಿಂದಲೇ ಹೋಗಲಿ. ಮನೆಯಲ್ಲೇ ಸಹಿ ಹಾಕಿ ತರಬೇಡಿ, ಅಧಿಕಾರಿಯ ಎದುರೇ ಹಾಕಬೇಕು. ಕಾಗದ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್ ಲಕೋಟೆ ಎಸೆಯಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ.

ಕೊನೆಗೆ, ಯಾರೂ ಮೊದಲೇ ಯೋಚಿಸಲು ಇಷ್ಟಪಡದ ಕೆಲಸ. ಅಲ್ಲಿ ಒಬ್ಬರು ತೀರಿಕೊಂಡರೆ ಯುಎಇಯಲ್ಲಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಆಸ್ಪತ್ರೆಯ ವರದಿ, ಪೊಲೀಸರ ಪತ್ರ, ಆರೋಗ್ಯ ಇಲಾಖೆಯ ಮರಣ ಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು ಮತ್ತು ನಿರಾಕ್ಷೇಪಣಾ ಪತ್ರ, ವೀಸಾ ರದ್ದು, ಶವ ಕೆಡದಂತೆ ಎಂಬಾಮಿಂಗ್ (ದುಬೈಯಲ್ಲಾದರೆ ಮುಹೈಸ್ನಾದಲ್ಲಿ), ಕಾರ್ಗೋ ಬುಕಿಂಗ್. ಸಹಜ ಸಾವಾದರೆ ಕೆಲವೇ ದಿನ. ಅಪಘಾತ, ಆತ್ಮಹತ್ಯೆ, ಸಂಶಯ ಇದ್ದರೆ ಪೊಲೀಸ್ ತನಿಖೆ ಮುಗಿಯದೆ ಶವ ಬಿಡುವುದಿಲ್ಲ, ಅಲ್ಲಿ ಅವಸರ ಮಾಡಿ ಪ್ರಯೋಜನ ಇಲ್ಲ. ಶವ ಕಳಿಸುವ ಖರ್ಚು ಮಾಲೀಕನದ್ದು ಅಂತ ಅಲ್ಲಿಯ ಕಾನೂನೇ ಹೇಳುತ್ತದೆ. ಮಾಲೀಕ ಕೈಯೆತ್ತಿದರೆ, ಮನೆಯವರಿಗೂ ಶಕ್ತಿ ಇಲ್ಲದಿದ್ದರೆ ಕಲ್ಯಾಣ ನಿಧಿಯಿಂದ ಕೇಳಬಹುದು. ವಾಟ್ಸಾಪಿನಲ್ಲಿ ಚಂದಾ ಎತ್ತುವ ಮೊದಲು ಈ ಎರಡನ್ನೂ ಕೇಳಿರಬೇಕು.

ಊರಿನಿಂದ ಹೋಗಬೇಕಾದದ್ದು ವಾರಸುದಾರರ ಒಪ್ಪಿಗೆ: ಶವ ಊರಿಗೆ ಕಳಿಸಿ, ಅಥವಾ ಅಲ್ಲೇ ದಫನ ಮಾಡಿ ಅಂತ ಸ್ಪಷ್ಟವಾಗಿ ಬರೆದು, ಇಂಥವರಿಗೆ ಅಧಿಕಾರ ಕೊಟ್ಟಿದ್ದೇವೆ ಅಂತ ಅವರ ಹೆಸರು, ಪಾಸ್‌ಪೋರ್ಟ್, ಇಕಾಮಾ ಸಂಖ್ಯೆ ಸಮೇತ, ಸ್ಟಾಂಪ್ ಪೇಪರಿನಲ್ಲಿ ನೋಟರಿ ಮಾಡಿಸಿದ್ದು. ಹೆಂಡತಿಯ ಹೆಸರು ಗಂಡನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇಲ್ಲದಿದ್ದರೆ ಮದುವೆ ನೋಂದಣಿ ಪತ್ರವೂ ಬೇಕಾಗಬಹುದು, ಮತ್ತೆ ಬಂತು ನೋಡಿ ಆ ಕಪಾಟು. ವಾರದ ಲೆಕ್ಕವನ್ನೂ ಹಾಕಿಕೊಳ್ಳಿ. ಸೌದಿ, ಕುವೈತ್, ಕತಾರ್, ಬಹ್ರೇನ್, ಒಮಾನಿನಲ್ಲಿ ಶುಕ್ರವಾರ, ಶನಿವಾರ ರಜೆ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ. ಕುವೈತಿನಲ್ಲಿ ಗುರುವಾರ ಸಂಜೆ ತೀರಿಕೊಂಡರೆ ಅಲ್ಲಿ ಎರಡು ದಿನ ಬಾಗಿಲು ಹಾಕಿರುತ್ತದೆ. ಶುಕ್ರವಾರವೇ ಮಂಗಳೂರಿನಲ್ಲಿ ನೋಟರಿ ಮುಗಿಸಿ ಸ್ಕ್ಯಾನ್ ಕಳಿಸಿದರೆ ಭಾನುವಾರ ಬೆಳಿಗ್ಗೆ ಅಲ್ಲಿ ಕೆಲಸ ಶುರುವಾಗುತ್ತದೆ; ಸೋಮವಾರಕ್ಕೆ ಅಂತ ಇಟ್ಟುಕೊಂಡರೆ ಮೂರು ದಿನ ಸುಮ್ಮನೆ ಹೋಯಿತು. ಸಾವಿನ ವಿಷಯಕ್ಕೆ ರಜೆಯಲ್ಲೂ ಎತ್ತುವ ಸಂಖ್ಯೆ ರಾಯಭಾರ ಕಚೇರಿಯ ಜಾಲತಾಣದಲ್ಲಿ ಇರುತ್ತದೆ. ಇಲ್ಲಿಯ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಯ ಅನುಮತಿ 2023ರಿಂದ ಇ-ಕೇರ್ ಪೋರ್ಟಲಿನಲ್ಲಿ; ಮರಣ ಪತ್ರ, ಎಂಬಾಮಿಂಗ್ ಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣೆ, ರದ್ದಾದ ಪಾಸ್‌ಪೋರ್ಟಿನ ಪ್ರತಿ, ಈ ನಾಲ್ಕು ಬೇಕು.

ಕಾರ್ಯ ಎಲ್ಲ ಮುಗಿದ ಮೇಲೆ ಮನೆಯವರು ಗ್ರಾಮ ಪಂಚಾಯತಿಗೆ ಮರಣ ಪ್ರಮಾಣಪತ್ರಕ್ಕೆ ಹೋಗುತ್ತಾರೆ. ಅಲ್ಲಿ ಕೊಡುವುದಿಲ್ಲ, ಕೊಡಲಿಕ್ಕೂ ಬರುವುದಿಲ್ಲ. ಸಾವು ಅವರ ಹದ್ದಿನಲ್ಲಿ ಆಗಿಲ್ಲ. ಪೌತಿ ಖಾತೆಗೆ, ಎಲ್‌ಐಸಿಗೆ, ಬ್ಯಾಂಕಿಗೆ ನಡೆಯುವುದು ರಾಯಭಾರ ಕಚೇರಿಯ ಮರಣ ನೋಂದಣಿ ಪ್ರಮಾಣಪತ್ರ. ಶವದ ಜೊತೆ ಬರುವವರ ಕೈಯಲ್ಲಿ ಹೆಚ್ಚಾಗಿ ಅರಬಿಯ ಮರಣ ಪತ್ರ, ನಿರಾಕ್ಷೇಪಣಾ ಪತ್ರ ಮಾತ್ರ ಇರುತ್ತದೆ, ನೋಂದಣಿ ಪ್ರಮಾಣಪತ್ರ ಕೇಳಿ ಮಾಡಿಸಿಕೊಳ್ಳಬೇಕು. ಅಲ್ಲಿ ಓಡಾಡುವ ಸ್ನೇಹಿತರಿಗೆ ಮೊದಲ ದಿನವೇ ಹೇಳಿಬಿಡಿ: ಮರಣ ಪತ್ರದ ಇಂಗ್ಲಿಷ್ ಅನುವಾದಕ್ಕೆ ಅವರ ವಿದೇಶಾಂಗ ಇಲಾಖೆಯ ಸೀಲು, ರಾಯಭಾರ ಕಚೇರಿಯ ನೋಂದಣಿ ಪ್ರಮಾಣಪತ್ರ, ಮತ್ತು ಅದರ ದೃಢೀಕೃತ ಪ್ರತಿ ನಾಲ್ಕೈದು.